ಕಂಕುಳ ಅಳತೆ

ಸುಂಟಿಕೊಪ್ಪದಲ್ಲಿ ಬೆಕ್ಕು ಒಂದೇ, ಕರೆಯುವ ಬಾಯಿ ನಾಲ್ಕು.
ಮೀನಂಗಡಿಯ ಆಸ್ಯಮ್ಮನಿಗೆ ಪೂಚ್ಚ,
ಬೇಕರಿಯ ಶೀನಣ್ಣನಿಗೆ ಪುಚ್ಚೆ,
ಲೈನ್‌ಮನೆಯಿಂದ ರವಿಕೆ ಹೊಲಿಸಲು ಬರುವ ಸೆಲ್ವಿಗೆ ಪೂನೆ.
ನನಗೆ ಬರೀ ಮರಿ.
ಹೆಸರಿಟ್ಟರೆ ಸಾಕಬೇಕಾಗುತ್ತದಲ್ಲ,
ಇಡಲಿಲ್ಲ.
ಸಾಕಿದೆ.

ಮದುವೆಗಳ ತಿಂಗಳು. ಮೇಜಿನ ಮೇಲೆ
ಮದುಮಗನ ಬಿಳಿ ಕುಪ್ಯ, ಅವನ ಮಾವನ ಕರಿ ಕುಪ್ಯ.
ಬಿಳಿಯದನ್ನು ಬಿಟ್ಟು ಕರಿಯದರ ಮೇಲೇ
ಸುರುಳಿಯಾಗಿ ಮಲಗಿತು ಈ ಬಿಳಿ ಮರಿ.
ಎತ್ತಿ ಬಿಸಾಕಲು ಹೋದೆ.
ಮಣಿಕಟ್ಟಿನ ಒಳಮೈಗೆ ಮೂರು ಗೀಟು,
ಸೀಮೆಸುಣ್ಣದಲ್ಲಿ ಗುರುತು ಹಾಕಿದಷ್ಟು ಸಲೀಸು.
ರಕ್ತ ಬಟ್ಟೆಗೆ ತಾಗೀತು ಎಂಬುದೊಂದೇ ಭಯ ನನಗೆ.
ಆಸ್ಯಮ್ಮ ಕಾಫಿಪುಡಿ ಒತ್ತಿದಳು. ಮರೆತೆವು.

ಮೂರನೇ ವಾರ ರವಿಕೆಯ ಬಲತೋಳು ಬಿಗಿ.
ಅಳತೆ ತಪ್ಪುವ ಕೈಯಲ್ಲ ಇದು.
ಇಪ್ಪತ್ತಾರು ವರ್ಷ ಊರವರ ಕಂಕುಳ ಸುತ್ತ ಟೇಪು ಹಾಕಿ
ಯಾರು ಬಸುರಿ, ಯಾರು ಸೊರಗಿದಳು
ಗಂಡಂದಿರಿಗಿಂತ ಮೊದಲು ತಿಳಿದವಳು ನಾನು.
ನನ್ನ ಕಂಕುಳಿಗೆ ಬೆರಳಿಟ್ಟಾಗ
ನೆಲ್ಲಿಕಾಯಿ ಗಾತ್ರದ ಗಂಟು. ಒತ್ತಿದರೆ ನೋವು.
ಸಂಜೆಗೆ ಸಣ್ಣ ಜ್ವರ.

ಚಿಕ್ಕಮ್ಮನಿಗೂ ಹೀಗೇ ಶುರುವಾಗಿತ್ತು.
ಮೈಸೂರಿನ ವಾರ್ಡು, ತಲೆಗೆ ಕಟ್ಟಿದ ವಸ್ತ್ರ,
ಅವಳ ಕೊನೆಯ ರವಿಕೆಗೆ ನಾನೇ
ಒಂದು ಬದಿಗೆ ಹತ್ತಿ ತುಂಬಿ ಹೊಲಿದಿದ್ದೆ.

ಯಾರಿಗೂ ಹೇಳಲಿಲ್ಲ.
ಬಾಗಿಲು ಹಾಕಿ, ಹೊಲಿಗೆ ಅರ್ಧ ಇಂಚು ಬಿಚ್ಚಿ
ಮತ್ತೆ ತೊಟ್ಟುಕೊಂಡೆ.
ಮರಿ ಬಿದ್ದ ದಾರದ ಜೊತೆ ಆಡುತ್ತಿತ್ತು.

ಮಡಿಕೇರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು
ಉಳಿದ ಬಟ್ಟೆಗಳ ಲೆಕ್ಕ ಹಾಕಿದೆ:
ಎರಡು ಕುಪ್ಯ, ಏಳು ರವಿಕೆ, ಶಾಲೆಯ ಲಂಗ ಹದಿನೈದು.
ಯಾವುದನ್ನು ಯಾರಿಗೆ ಒಪ್ಪಿಸಲಿ?

ಸುಗುಣ, ನಲವತ್ತೇಳು, ಎಂದು ಚೀಟಿ ಓದಿ ಕರೆದರು.
ಡಾಕ್ಟರಿಗೆ ನನ್ನ ಅರ್ಧ ವಯಸ್ಸು.
ಗಂಟು ಮುಟ್ಟಿ ನೋಡಿದಳು.
ವಂಶದಲ್ಲಿ ಯಾರಿಗಾದರೂ ಎಂದು ಕೇಳುತ್ತಾಳೆ,
ಚಿಕ್ಕಮ್ಮನ ಹೆಸರು ನಾಲಗೆಯ ತುದಿಗೇ ಇಟ್ಟುಕೊಂಡಿದ್ದೆ.
"ಮನೆಯಲ್ಲಿ ಬೆಕ್ಕಿದೆಯಾ ಅಕ್ಕ? ಮರಿಯಾ?"

ತಮಾಷೆ ಅನ್ನಿಸಿ ಸಿಟ್ಟು ಬಂತು.
ಅವಳು ನನ್ನ ಮಣಿಕಟ್ಟು ತಿರುವಿ
ಮಾಸಿದ ಮೂರು ಗೀಟಿನ ಕೊನೆಯಲ್ಲಿ
ಒಂದು ಕೆಂಪು ಗುಳ್ಳೆ ತೋರಿಸಿದಳು.
ಚಿಗಟದ ಹಿಕ್ಕೆ ಮರಿಯ ಉಗುರಿನ ಸಂದಿಗೆ,
ಉಗುರಿನಿಂದ ಇಲ್ಲಿಗೆ, ಇಲ್ಲಿಂದ ತೋಳು ಹತ್ತಿ ಅಲ್ಲಿಗೆ.
ನೆರಿಗೆಯ ದಾರ ಒಂದು ತುದಿಯಲ್ಲಿ ಎಳೆದರೆ
ಇನ್ನೊಂದು ತುದಿಯಲ್ಲಿ ಗಂಟಾಗುವುದು ನನಗೆ ಗೊತ್ತು.
ಅಷ್ಟೇ ನನಗೆ ಅರ್ಥವಾದದ್ದು.

"ಕಚ್ಚಿದ್ದರೆ ಇನ್ನೂ ಕಷ್ಟ ಇತ್ತು. ಬೆಕ್ಕಿನ ಹಲ್ಲು ಸೂಜಿ.
ಕೊಳೆ ಒಳಗಿಟ್ಟು ಬಾಯಿ ಮುಚ್ಚಿಬಿಡುತ್ತದೆ,
ಒಂದೇ ರಾತ್ರಿಗೆ ಕೈ ಬಾತುಕೊಳ್ಳುತ್ತದೆ."
ಆಮೇಲೆ ಬೈದಳು. ಕಾಫಿಪುಡಿಗೆ ಬೈದಳು.
ನಲ್ಲಿಯ ಕೆಳಗೆ ಸೋಪು ಹಚ್ಚಿ ಕಾಲು ಗಂಟೆ ತೊಳೆಯಬೇಕಿತ್ತು,
ಹುಚ್ಚಿನ ಇಂಜೆಕ್ಷನ್ನಿಗೆ ಅವತ್ತೇ ಬರಬೇಕಿತ್ತು.
"ಮರಿ ಈಗ ಹೇಗಿದೆ?"
ಕೊಬ್ಬಿದೆ, ಅಂದೆ.
ಆದರೂ ಚುಚ್ಚಿದಳು. ಚೀಟಿಯಲ್ಲಿ ಮುಂದಿನ ತಾರೀಖು ಬರೆದಳು.
ದಿನವಿಡೀ ಸೂಜಿ ಹಿಡಿಯುವವಳು
ಸೂಜಿ ಕಂಡು ಕಣ್ಣು ಮುಚ್ಚಿದೆ.

ಮರಳುವ ಬಸ್ಸಿನಲ್ಲಿ ಅಳು ಬಂತು, ಯಾಕೋ ತಡವಾಗಿ.
ಪಕ್ಕದ ಹುಡುಗ ವಾಂತಿಯೆಂದುಕೊಂಡು
ತನ್ನ ಕಿತ್ತಳೆಯ ಸಿಪ್ಪೆ ಕೊಟ್ಟ ಮೂಸಲು.

ಗಂಟು ಇಳಿಯಲು ತಿಂಗಳುಗಳೇ ಬೇಕಂತೆ.
ರವಿಕೆಯ ಅರ್ಧ ಇಂಚು ಇನ್ನೂ ಬಿಚ್ಚಿಯೇ ಇದೆ.
ಚಿಗಟಕ್ಕೆ ಔಷಧಿ ಹಾಕಿಸಿ ಬಂದ ದಿನದಿಂದ
ಮರಿ ನನ್ನ ಹತ್ತಿರ ಸುಳಿಯುತ್ತಿಲ್ಲ.
ಕಪಾಟಿನ ತುದಿಯಿಂದ ನೋಡುತ್ತದೆ,
ನಾನು ಕೈಗೆ ಸೋಪು ಹಚ್ಚುವುದನ್ನು.

ಕರಿ ಕುಪ್ಯ ಒಯ್ಯಲು ಬಂದ ಮಾವ
ತೋಳಿನ ಮೇಲಿನ ಬಿಳಿ ಕೂದಲನ್ನು ಬೆರಳಲ್ಲಿ ಎತ್ತಿ ಹಿಡಿದು
"ಏನಮ್ಮಾ ಇದು?" ಅಂದರು.
ನಾನು ಬೇರೇನೂ ತೋಚದೆ
ನನ್ನ ತಲೆ ತೋರಿಸಿದೆ.